ಧರ್ಮದ ಎರಡು ರೂಪಾಯಿ

ಜೂನ್ 9, ಸೋಮವಾರ

ಸಿರುಗುಪ್ಪ ಬಸ್ಸಿನಲ್ಲಿ ಇವತ್ತೂ ಸೀಟಿಲ್ಲ. ಅಂಗಡಿಗಳಿಗೆ ಹಾಕಿಸಲು ಕಂಪನಿಯ ಎರಡು ಸ್ವೈಪ್ ಮಷಿನ್ ಹೊತ್ತುಕೊಂಡು ಹೋದೆ, ಮೂರು ಹೊತ್ತುಕೊಂಡು ಬಂದೆ. ಗೊಬ್ಬರದಂಗಡಿಯವರು ತಮ್ಮದನ್ನೂ ವಾಪಸ್ ಕೊಟ್ಟರು. "ಸ್ಕ್ಯಾನರ್ ಪುಕ್ಕಟೆ ಐತಿ. ನಿಮ್ದು ಯಾಕ ಬೇಕ್ರಿ ಮೇಡಂ?" ಏನು ಹೇಳಲಿ? ಸ್ಕ್ಯಾನರಿಗೂ ರುಪೇ ಡೆಬಿಟ್ ಕಾರ್ಡಿಗೂ ಅಂಗಡಿಯವರಿಂದ ಚಾರ್ಜ್ ಏನೂ ಹಿಡಿಯುವಂತಿಲ್ಲ, ಸರ್ಕಾರದ ರೂಲ್ಸು. ನಮಗೆ ಏನಾದರೂ ಹುಟ್ಟುವುದಿದ್ದರೆ ಕ್ರೆಡಿಟ್ ಕಾರ್ಡಿನಲ್ಲಿ. ಅದನ್ನು ಈ ಕಡೆ ತರುವವರೇ ಅಪರೂಪ.

ಬಳ್ಳಾರಿ ಆಫೀಸಿನಲ್ಲಿ ಮ್ಯಾನೇಜರ್ ಸಂಗಮೇಶ್ ಅವರದು ಅದೇ ಹಾಡು. ಮುಂದೆ ರೂಲ್ಸ್ ಬದಲಾಗುತ್ತದಂತೆ. ದೊಡ್ಡ ಅಂಗಡಿಗಳ ಸ್ಕ್ಯಾನರಿಗೂ ಚಾರ್ಜ್ ಬರುತ್ತದಂತೆ. ಆಗ ನಾವು ಉಳಿಯುತ್ತೇವಂತೆ... ನನ್ನ ನೌಕರಿ ಈ 'ಅಂತೆ'ಗಳ ಮೇಲೆ ನಿಂತಿದೆ. ಕಾಲು ಸೆಳೆತ. ಅಡುಗೆ ಇನ್ನೂ ಆಗಬೇಕು.

ಜೂನ್ 11

ಕುರುಗೋಡು. ಕೊಟ್ಟೂರಪ್ಪನವರ ಸೀರೆ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ಹೋದಾಗಲೆಲ್ಲ ಒಂದೇ ಪ್ರಶ್ನೆ. "ಕ್ರೆಡಿಟ್ ಕಾರ್ಡ್ ಗೀರಿದ್ರ ನೂರಕ್ಕ ಎರಡು ರೂಪಾಯಿ ಕಡೀತೀರಲ್ಲ, ಅವು ಯಾರ ಹೊಟ್ಟಿಗೆ ಹೋಗತಾವ್ರಿ?"

ಇಂಟರ್‌ಚೇಂಜ್ ಎಂದೆ. ಹೆಚ್ಚಿನ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ನಮಗೆ ಚೂರುಪಾರು ಎಂದೆ. ತಲೆಗೆ ಹೋಗಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಇಲ್ಲಿನ ಹಳೇ ಅಂಗಡಿಗಳಲ್ಲಿ ಬಿಲ್ಲಿನ ಕೊನೆಗೆ ಗುಡಿಯ ಹೆಸರಿನಲ್ಲಿ ನಾಲ್ಕು ಕಾಸು 'ಧರ್ಮ' ಎಂದು ಸೇರಿಸುವ ರೂಢಿ. ಅದು ನೆನಪಾಯಿತು.

"ನೀವು ಧರ್ಮ ಹಿಡೀತೀರಲ್ರಿ, ನಿಮ್ಮ ಕೈಯಾಗ ಬಂದ್ರೂ ಅದು ನಿಮ್ಮದಲ್ಲ. ಇದೂ ಹಂಗ ಅನ್ಕೊಳ್ರಿ."

ಮುಖ ಅರಳಿತು. "ಈಗ ತಿಳೀತು ನೋಡ್ರಿ!"

ಅಂತೂ ತಿಳಿಯಿತಲ್ಲ ಎಂದು ನಾನೂ ಹಿಗ್ಗಿದೆ.

ಜೂನ್ 26

ಎರಡು ವಾರ ಏನೂ ಬರೆದಿಲ್ಲ. ಬರೆಯಲು ಏನಿತ್ತು, ಬಸ್ಸು, ಧೂಳು.

ಇವತ್ತು ಸಂಗಮೇಶ್ ಕರೆದರು. ಬಾದನಹಟ್ಟಿಯ ಮೇಷ್ಟ್ರು ಉಜ್ಜಿನಪ್ಪ ಮಗಳ ಮದುವೆಗೆ ಕೊಟ್ಟೂರಪ್ಪನವರಲ್ಲಿ ಸೀರೆ ಕೊಂಡು ಕ್ರೆಡಿಟ್ ಕಾರ್ಡ್ ಗೀರಿದ್ದಾರೆ. ಬಿಲ್ಲಿನ ಕೊನೆಗೆ 'ಧರ್ಮ, ನೂರಕ್ಕೆ ಎರಡು'. ದೇವರಿಗೆ ತಾನೇ ಎಂದು ಖುಷಿಯಿಂದ ಕೊಟ್ಟು, ಗುಡಿ ಕಮಿಟಿಯಲ್ಲಿ ರಶೀದಿ ಕೇಳಿದ್ದಾರೆ. ಕಮಿಟಿಗೆ ಆ ದುಡ್ಡು ಬಂದೇ ಇಲ್ಲ. ಕೊಟ್ಟೂರಪ್ಪ ದೇವರ ದುಡ್ಡು ನುಂಗಿದ — ಊರೆಲ್ಲ ಇದೇ ಮಾತು.

ನಾನು ಆಡಿದ ಮಾತು ಹೇಳಿದೆ. ಸಂಗಮೇಶ್ ತಲೆ ಹಿಡಿದುಕೊಂಡರು. "ಗಿರಾಕಿ ಕಡಿಂದ ಈ ಚಾರ್ಜ್ ವಸೂಲಿ ಮಾಡಂಗಿಲ್ಲ, ಗೊತ್ತಿಲ್ಲೇನ್ರಿ ಸುಧಾರಾಣಿ? ಅಂಗಡಿಯವ್ರ ತಪ್ಪು ಅಂತ ಬರದು ಮಷಿನ್ ಎತ್ಕೊಂಡು ಬರ್ರಿ. ನೀವು ಹೇಳಿಕೊಟ್ಟಿದ್ದು ಅಂತಾದ್ರ ನಿಮ್ಮ ನೌಕರಿ ಹೋಕ್ಕೈತಿ."

ಜೂನ್ 27

ಹೋದೆ. ಅಂಗಡಿಯಲ್ಲಿ ನರಪಿಳ್ಳೆ ಇಲ್ಲ.

"ನೀವು ಧರ್ಮ ಅಂದ್ರಿ. ನಾನು ಧರ್ಮ ಅಂತ ಬರದೆ" ಎಂದರು ಕೊಟ್ಟೂರಪ್ಪ.

ಅವರ ಹೆಂಡತಿ ಹೊನ್ನೂರಮ್ಮ ಸೀರೆ ಮಡಚುತ್ತಿದ್ದವರು ತಲೆ ಎತ್ತಲಿಲ್ಲ. "ಗುಡಿಗೆ ಹೋದ್ರ ಹೆಣ್ಮಕ್ಳು ನನ್ನಿಂದ ದೂರ ಸರಕೊಂಡು ಕುಂದರತಾರ್ರಿ. ಸೋಮವಾರ ಕಮಿಟಿ ಕೂಡತೈತಿ. ನೀವೊಂದು ಮಾತು ಬಂದು ಹೇಳ್ರಿ."

ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಯಿತು. ಮಷಿನ್ ಮುಟ್ಟದೆ ಬಂದೆ. ನೌಕರಿ ಬಿಟ್ಟರೆ ಬಾಡಿಗೆ ಕಟ್ಟುವವರು ಯಾರು? ಈ ಕೆಲಸದ ಮೇಲೆ ಪ್ರೀತಿಯೇನೂ ಇಲ್ಲ. ಆದರೂ ಭಯ.

ಜೂನ್ 30, ಸಂಜೆ

ಹೇಳಿದೆ. ಕಮಿಟಿಯಲ್ಲಿ ಎಲ್ಲರ ಮುಂದೆ ನಿಂತು, ನಾನೇ ಹೇಳಿಕೊಟ್ಟಿದ್ದು ಎಂದೆ. ಕಮಿಟಿಯ ಹಿರಿಯರು ದೊಡ್ಡಬಸವರಾಜ ಕೇಳಿದರು — "ಹಂಗಾರ ಆ ರೊಕ್ಕ ಯಾರಿಗೆ ಮುಟ್ಟೇತವ್ವಾ?"

"ಹೆಚ್ಚಿಂದು ಮೇಷ್ಟ್ರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗ್ರಿ."

ಉಜ್ಜಿನಪ್ಪ ಮೇಷ್ಟ್ರು ನಕ್ಕುಬಿಟ್ಟರು. "ಬ್ಯಾಂಕಿಗೆ ದಾನ ಕೊಟ್ಟು ಪುಣ್ಯ ಕೇಳಾಕ ಬಂದೀನಿ ನೋಡು!" ಎಲ್ಲರೂ ನಕ್ಕರು.

ಹಿರಿಯರು ಮಾತ್ರ ನಗಲಿಲ್ಲ. "ನಂಬಿದ್ವಿ. ಆದ್ರ ಧರ್ಮ ಅಂತ ಬರದಮ್ಯಾಗ ಗುಡಿಗೆ ಸಲ್ಲಬೇಕು." ಬ್ಯಾಂಕಿಗೆ ಹೋದದ್ದು ಹೋಯಿತು, ಇನ್ನು ಅಂಗಡಿಯವರು ಅಷ್ಟನ್ನೂ ಗುಡಿಗೆ ತಮ್ಮ ಕೈಯಿಂದ ಕೊಡಬೇಕು. ಕೊಟ್ಟೂರಪ್ಪ "ಆಗ್ಲಿ ಬಿಡ್ರಿ" ಎಂದರು. ಹೊರಗೆ ಬಂದು ನನಗೇ ಕೈ ಮುಗಿದರು. ಬಸ್ಸಿನಲ್ಲಿ ಅಳು ಬಂತು.

ಯಾರೋ ವಿಡಿಯೋ ಮಾಡಿದ್ದಾರೆ. ಬಳ್ಳಾರಿ ಮುಟ್ಟುವ ಮೊದಲೇ ಸಂಗಮೇಶ್ ಫೋನು. "ಕಮಿಟಿಯವ್ರು ಹೆದರಿಸಿ ಹೇಳಿಸಿದ್ರು ಅಂತ ಬರದು ಕಳಿಸ್ರಿ. ಹೆಂಗರ ಮಾಡಿ ಉಳಿಸ್ತೀನಿ."

ಮೇಲ್ ತೆರೆದು ಕೂತಿದ್ದೇನೆ. 'ಮಾನ್ಯರೇ, ನನ್ನನ್ನು ಯಾರೂ' — ಇಷ್ಟು ಬರೆದೆ. ಮುಂದಿನದು ಒಂದೇ ಪದ, 'ಹೆದರಿಸಿಲ್ಲ'. ಅದನ್ನು ಬರೆದರೆ ನಾಳೆಯಿಂದ ಈ ನೌಕರಿ ಇಲ್ಲ.