ಮನೆ ಶಾಸ್ತ್ರ ಓದುವ ಮಗಳಿಗೆ

ಅನುಗೊಂಡನಹಳ್ಳಿ
14-9-2025, ಭಾನುವಾರ

ಮುದ್ದು ಸಿಂಧು,

ಚೆನ್ನಾಗಿದ್ದೀಯ ತಾನೆ? ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ವಾರ ತಡ ಮಾಡಿದ್ದಕ್ಕೆ ಮುನಿಸಿಕೊಳ್ಳಬೇಡ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಇತ್ತು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನೀವು ಹುಟ್ಟಿದ ಮೊದಲ ವರ್ಷ ಹೇಗಿತ್ತು ಎಂದು ತಾಯಿಯ ಕೈಯಲ್ಲೇ ಬರೆಸಿ ತನ್ನಿ ಎಂದರಂತಲ್ಲ ನಿಮ್ಮ ಕ್ಲಾಸಿನ ಮೇಡಮ್ಮು, ಆ ಪ್ರಶ್ನೆಗೆ ಹೆದರಿ ಕೂತಿದ್ದೆ. ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ.

ಹೊಸಕೋಟೆಯ ಕಮ್ಯುನಿಟಿ ಕಾಲೇಜಿನಲ್ಲಿ ನೀನು ಡಿಪ್ಲೊಮಾ ಮಾಡುವಾಗ, ಅದೇನು ಹೊಲಿಗೆ ಕ್ಲಾಸಾ ಎಂದು ಕೇಳಿದವರೇ ಎಲ್ಲ. ಈಗ ಅಲ್ಲಿ ಓದಿದ್ದನ್ನೇ ಲೆಕ್ಕಕ್ಕೆ ಹಿಡಿದು ಮೈಸೂರಿನ ಯೂನಿವರ್ಸಿಟಿಯವರು ನಿನ್ನನ್ನು ನೇರ ಎರಡನೇ ವರ್ಷಕ್ಕೆ ಸೇರಿಸಿಕೊಂಡಿದ್ದಾರೆ ಎಂದು ಹಾಲಿನ ಡೇರಿಯ ಮುಂದೆ, ಬಸ್‌ಸ್ಟಾಪಿನಲ್ಲಿ, ಕೇಳದವರಿಗೂ ಹೇಳಿದ್ದೇನೆ. ಮನಶ್ಶಾಸ್ತ್ರ ಎನ್ನುವಾಗ ಮಾತ್ರ ನಾಲಿಗೆ ತೊಡರುತ್ತದೆ. ಅದರಿಂದಲೇ ಎಡವಟ್ಟಾಯಿತು.

ಹಿಂದಿನ ಬೀದಿಯ ಪಿಳ್ಳಣ್ಣ ಮೊನ್ನೆ ಹೊಸ ಮನೆಯ ನಕ್ಷೆ ಸುತ್ತಿಕೊಂಡು ಬಂದ. "ಸಿಂಧು ಮನೆ ಶಾಸ್ತ್ರ ಓದ್ತಾವ್ಳಂತಲ್ಲಕ್ಕಾ, ಅಡಿಗೆಮನೆ ಯಾವ್ ಮೂಲೇಗ್ ಇಕ್ಬೇಕು ಅಂತ ಒಸಿ ಕೇಳ್ಹೇಳು" ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿನ್ನ ಅಜ್ಜಿ ನಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ, "ಮನೆ ಅಲ್ಲ ಕಣ್ಲಾ, ಮನಸು. ಮನೇಲಿದ್ರೂ ಮನಸು ಇಲ್ದಂಗೆ ಆಗೋಯ್ತದಲ್ಲ, ಅದ್ನ ಓದ್ತಾಳೆ ನಮ್ ಹುಡ್ಗಿ" ಎಂದರು. ಹಾಗೆನ್ನುತ್ತಾ ನನ್ನ ಮುಖ ನೋಡಿದರು. ನನ್ನ ನಗು ಅಲ್ಲಿಗೇ ನಿಂತಿತು.

ನಿನ್ನ ಅಪ್ಪನ ಕಥೆ ಬೇರೆ. ನಿನ್ನ ಅಡ್ಮಿಶನ್ ಪತ್ರದ ಜೆರಾಕ್ಸಿಗೆ ಲ್ಯಾಮಿನೇಶನ್ ಮಾಡಿಸಿ ಟಿವಿ ಪಕ್ಕ ನಿಲ್ಲಿಸಿದ್ದಾರೆ. ಗ್ಯಾಸ್ ತಂದವನಿಗೂ ಓದಿಸಿಯೇ ಕಳಿಸಿದರು. ನಾನು ಅವರನ್ನು ರೇಗಿಸುತ್ತೇನೆ, ಆದರೆ ಅದರ ಧೂಳನ್ನು ದಿನಾ ಒರೆಸುವವಳು ನಾನೇ. ನಮ್ಮ ಎರಡೂ ಕಡೆಯ ಮನೆತನದಲ್ಲಿ ಯೂನಿವರ್ಸಿಟಿಯ ಮೆಟ್ಟಿಲು ಹತ್ತಿದವಳು ನೀನೇ ಮೊದಲು. ನನಗೆ ತುಂಬಾ ಹೆಮ್ಮೆ ಕಣೇ.

ಹೊತ್ತಿಗೆ ಸರಿಯಾಗಿ ಉಣ್ಣು, ವಾರಕ್ಕೊಮ್ಮೆಯಾದರೂ ತಲೆಗೆ ಎಣ್ಣೆ ಹಾಕಿಕೊ. ನಿನ್ನೆದುರು ಬಂದು ಕೂತವರು ಹಗುರಾಗಿ ಎದ್ದು ಹೋಗಲಿ, ನಿನ್ನ ಬಾಳು ತಂಪಾಗಿರಲಿ.

ನಿನ್ನ ಅಮ್ಮ,
ಮುನಿರತ್ನಮ್ಮ

ತಾ.ಕ.: ನಿಮ್ಮ ಮೇಡಮ್ಮಿನ ಪ್ರಶ್ನೆಗೆ ಉತ್ತರ ಬರೆಯದೆ ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ನೀನು ಹುಟ್ಟಿದ ಮೇಲೆ ಐದು ತಿಂಗಳು ನಾನು ನಿನ್ನನ್ನು ಎತ್ತಿಕೊಳ್ಳಲಿಲ್ಲ. ನೀನು ಅಳುವುದು ಕೇಳಿಸುತ್ತಿತ್ತು, ಕೈ ಮೇಲೇಳುತ್ತಿರಲಿಲ್ಲ. ಬಾಣಂತಿಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಹಸುವಿನ ಹಾಲು ಕುಡಿಸಿ ನಿನ್ನನ್ನು ಸಾಕಿದವರು ನಿನ್ನ ಅಜ್ಜಿ. ಇವತ್ತಿನವರೆಗೂ ನನಗೆ ಒಂದು ಮಾತು ಅಂದವರಲ್ಲ. ನೀನು ಬೇಡವಾಗಿದ್ದೆ ಎಂದಲ್ಲ ಮಗಳೇ, ನನಗೆ ಏನಾಗಿತ್ತೋ ನನಗೇ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಅದಕ್ಕೆ ನನ್ನ ಹತ್ತಿರ ಇರುವುದು ಒಂದೇ ಹೆಸರು, ಕೆಟ್ಟ ತಾಯಿ. ನಿನ್ನ ಪುಸ್ತಕದಲ್ಲಿ ಬೇರೆ ಹೆಸರೇನಾದರೂ ಇದ್ದರೆ ಬರೆದು ಕಳಿಸು.