ಗುರುವಾರದ ಗಿರಾಕಿ

ಮನೆ, ಅಡುಗೆಮನೆಯ ಮೇಜಿನಿಂದ
ಭಾನುವಾರ, ನವೆಂಬರ್ ೯, ಬೆಳಗ್ಗೆ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಸೊಂಟ ಹೇಗಿದೆ? ಹೋದ ಪತ್ರದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಪದದಲ್ಲಿ ತೇಲಿಸಿಬಿಟ್ಟಿದ್ದೀರಿ. ನಿಮ್ಮ ಪರವಾಗಿಲ್ಲ ಎಂದರೆ ಗೋಡೆ ಹಿಡಿಯದೆ ಏಳಲು ಆಗುತ್ತಿಲ್ಲ ಎಂದರ್ಥ, ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಗೊತ್ತಾಗದೇ? ಗಣಿಯ ಕ್ಯಾಂಪಿನಲ್ಲಿ ಮುನ್ನೂರು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವರು ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ. ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ನಾನು, ಮಗಳು ಆರೋಗ್ಯ. ಲಾಂಡ್ರಿಯಲ್ಲಿ ಈ ವಾರ ಹೋಟೆಲಿನ ಹಾಸಿಗೆ ಹೊದಿಕೆಗಳ ರಾಶಿ ಬಂದು, ಇಸ್ತ್ರಿ ಹಿಡಿದು ಹಿಡಿದು ನನ್ನ ಬಲಗೈ ನನ್ನದಲ್ಲವೇನೋ ಅನ್ನಿಸುತ್ತಿದೆ, ಅಷ್ಟೇ. ಈಗ ಒಂದು ಮಾತು. ಈ ಪತ್ರವನ್ನು ಕಾವಲಿಯ ಮುಂದೆ ನಿಂತು ಓದಬೇಡಿ. ಒಂದು ಕಡೆ ಕೂತು ಓದಿ. ನನಗೆ ನಿನ್ನೆಯಿಂದ ಆಗಿರುವ ಆಘಾತವೇ ಸಾಕು, ನೀವು ಕೈ ಸುಟ್ಟುಕೊಂಡಿರಿ ಎಂದು ಕೇಳುವುದು ಬೇಡ.

ಮೊದಲು ನಿಮ್ಮ ಪತ್ರದ ವಿಷಯ. ‘ಅಮ್ಮ ಆ ಮನೆಯಲ್ಲಿ ಇರುವವರೆಗೆ ನಾನು ರಜೆಗೆ ಬರುವುದಿಲ್ಲ, ಇಪ್ಪತ್ತನೇ ತಾರೀಕು ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತೇನೆ’ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನಾನು ಮೂರು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡ ಎಪ್ಪತ್ತೆರಡರ ಮುದುಕಿಯನ್ನು ಮನೆಗೆ ಕರೆದುಕೊಂಡು ಬಂದದ್ದು ನಾನು. ನಿಮ್ಮನ್ನು ಕೇಳಲಿಲ್ಲ, ಹೌದು. ಕೇಳಿದ್ದರೆ ಏನನ್ನುತ್ತಿದ್ದಿರಿ ಎಂದು ಗೊತ್ತಿದ್ದೇ ಕೇಳಲಿಲ್ಲ. ಮಾವ ತೀರಿಕೊಂಡ ಮೇಲೆ ಪುಸ್ತಕ ಕಟ್ಟುವ ಅಂಗಡಿ ಮುಚ್ಚಿ ನೀವು ಡೈನರ್ ಹೋಟೆಲಿನ ಅಡುಗೆಮನೆ ಸೇರಿದ ದಿನ ಅತ್ತೆ ಆಡಿದ ಮಾತು ಕೆಟ್ಟದ್ದೇ, ಅದನ್ನು ನಾನೇನೂ ಸಮರ್ಥಿಸುವುದಿಲ್ಲ. ‘ಅಪ್ಪ ಪುಸ್ತಕಕ್ಕೆ ಚಿನ್ನದ ಅಕ್ಷರ ಕೂರಿಸ್ತಿದ್ದ, ಮಗ ಕಂಡಕಂಡವರ ತಟ್ಟೆಗೆ ಮಾಂಸ ಹಾಕ್ತಾನೆ, ಆ ಕೈಯಡುಗೆ ನನಗೆ ಬೇಡ’ ಎಂದರು. ಅದಕ್ಕೆ ನೀವು ಸುಮ್ಮನಿದ್ದಿರಾ? ‘ಈ ಕೈಯಡುಗೆ ನೀನು ತಿನ್ನೋವರೆಗೂ ನೀನಿರೋ ಮನೆ ಹೊಸಿಲು ನಾನು ತುಳಿಯಲ್ಲ’ ಎಂದಿರಿ. ಹನ್ನೊಂದು ವರ್ಷ! ಎರಡು ಬೀದಿ ಆಚೆ ಇದ್ದ ತಾಯಿಯನ್ನು ಹನ್ನೊಂದು ವರ್ಷ ನೋಡದೆ ಇದ್ದವರು ನೀವು. ಇಬ್ಬರಲ್ಲಿ ಯಾರ ಹಠ ಹೆಚ್ಚು ಎಂದು ತೂಗಲು ಹೋದರೆ ತಕ್ಕಡಿಯೇ ಮುರಿದೀತು.

ಈಗ ನಿನ್ನೆಯ ಕಥೆ. ಮಗಳು ಶಾಲೆಯ ಓಟದಲ್ಲಿ ಎರಡನೆಯವಳಾಗಿ ಬಂದಳು. ಏನು ಬೇಕು ಕೇಳೇ ಅಂದರೆ, ಅಪ್ಪ ಮಾಡುವಂಥ ಬಿಸಿ ಬೀಫ್ ಚೀಸ್ ಸ್ಯಾಂಡ್‌ವಿಚ್ ಬೇಕು, ಡೈನರಿನಲ್ಲಿ ಕೊಡುವ ಹಾಗೇ ಇರಬೇಕು ಎಂದಳು. ಅಪ್ಪ ಇಲ್ಲದೆ ಹೇಗೇ ಎಂದರೆ, ‘ನೀನು ಮಾಡು, ಅದೇನು ರಾಕೆಟ್ಟಾ?’ ಎಂದಳು. ಮೈಯೆಲ್ಲ ಉರಿಯಿತು. ಮಾಡಿಯೇ ತೋರಿಸುತ್ತೇನೆ ಎಂದು ಹೊರಟೆ. ಕಸಾಯಿಯವನ ಹತ್ತಿರ ಒಳ್ಳೆಯ ತುಂಡು ತಂದು, ಉಪ್ಪು ಮೆಣಸು ಸವರಿ ಬೇಯಿಸಿ, ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ತೆಳ್ಳಗೆ ಹೆಚ್ಚಿದೆ. ನೀವು ಹೇಳುತ್ತಿದ್ದಿರಲ್ಲ, ಮಾಂಸದ ಆಚೆಗೆ ಚಾಕುವಿನ ಅಲಗು ಕಾಣಬೇಕು ಎಂದು, ಹಾಗೆ. ಮೊದಲ ನಾಲ್ಕು ಚೂರು ಚಪ್ಪಲಿಯ ಅಟ್ಟೆಯಂತೆ ಬಂದವು, ಅವನ್ನು ನಿಂತಲ್ಲೇ ತಿಂದು ಸಾಕ್ಷಿ ನಾಶ ಮಾಡಿದೆ. ಉಳಿದವು ಪರವಾಗಿರಲಿಲ್ಲ. ಈರುಳ್ಳಿ ಕಂದು ಬಣ್ಣಕ್ಕೆ ಬಂತು, ಬ್ರೆಡ್ಡಿಗೆ ಬೆಣ್ಣೆ ಸವರಿದ್ದಾಯಿತು, ಮಾಂಸದ ರಸವನ್ನು ಬೇರೆ ಪಾತ್ರೆಯಲ್ಲಿ ಬಿಸಿಗಿಟ್ಟೆ. ಅಲ್ಲಿಗೆ ನನ್ನ ಜ್ಞಾನ ಮುಗಿಯಿತು. ಡೈನರಿನಲ್ಲಿ ಮೇಲಿಂದ ಏನೋ ಭಾರ ಹೇರುತ್ತಾರೆ ಎಂಬುದು ನನ್ನ ಕಲ್ಪನೆ. ಮನೆಯಲ್ಲಿ ಭಾರ ಯಾವುದಿದೆ? ನಗಬೇಡಿ. ಇಸ್ತ್ರಿಪೆಟ್ಟಿಗೆ ಇದೆ. ಅಲ್ಯೂಮಿನಿಯಂ ಹಾಳೆ ಸುತ್ತಿ, ಹದವಾಗಿ ಕಾಯಿಸಿ, ಸ್ಯಾಂಡ್‌ವಿಚ್ಚಿನ ಮೇಲಿಟ್ಟು, ಅಂಗಿಯ ಕಾಲರು ಒತ್ತುವ ಹಾಗೆ ಚೆನ್ನಾಗಿ ಒತ್ತಿದೆ. ಹಬೆ ಎದ್ದಿತು, ರಸವೆಲ್ಲ ಕಾವಲಿಗೆ ಸುರಿದು ಚುಂಯ್ ಎಂದು ಕೂಗಿಕೊಂಡಿತು. ಮಗಳು ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅತ್ತೆ ಗೋಡೆ ಹಿಡಿದುಕೊಂಡು ಓಡಿಬಂದರು. ಓಡಿ ಎನ್ನುವುದನ್ನು ಬೇಕೆಂದೇ ಬರೆದಿದ್ದೇನೆ. ಬಾಗಿಲಲ್ಲಿ ನಿಂತು, ‘ಅಯ್ಯೋ, ಒತ್ತಬೇಡ್ವೇ! ಒತ್ತಿದ್ರೆ ರಸ ಎಲ್ಲ ಹೋಗುತ್ತೆ. ಅವನು ಒತ್ತಲ್ಲ, ಮುಚ್ಚುತ್ತಾನೆ! ಚೀಸ್ ಹಾಕಿ, ಅಂಚಿಗೆ ಒಂದು ಚಮಚ ನೀರು ಬಿಟ್ಟು, ಮುಚ್ಚಿ ಎಣಿಸ್ತಾನೆ!’ ಎಂದು ಒಂದೇ ಉಸಿರಿಗೆ ಅಂದರು. ಇಸ್ತ್ರಿಪೆಟ್ಟಿಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ, ನನ್ನ ಮರ್ಯಾದೆ ಉಳಿಸಲು ಹಾಗೆ ಮಾಡಿದರು ಅಂದುಕೊಂಡೆ. ಆಮೇಲೆ ಆಡಿದ್ದೇನು ಎಂದು ಅವರಿಗೇ ಹೊಳೆದು ನಾಲಿಗೆ ಕಚ್ಚಿಕೊಂಡರು. ಡೈನರಿನ ಫಲಕ ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದ ಹೆಂಗಸು ನಿಮ್ಮಮ್ಮ. ಈ ಮೂರು ತಿಂಗಳಲ್ಲಿ ನಿಮ್ಮ ಕೆಲಸದ ಮಾತು ಬಂದರೆ ಮುಖ ಗಂಟು ಹಾಕಿಕೊಂಡು ಎದ್ದುಹೋಗುತ್ತಿದ್ದವರು. ಅವರಿಗೆ ನೀವು ಒಂದು ಚಮಚ ನೀರು ಬಿಡುವುದು ಹೇಗೆ ಗೊತ್ತು? ನೀವು ಎಣಿಸುತ್ತೀರಿ ಎನ್ನುವುದು ನನಗೇ ಗೊತ್ತಿರಲಿಲ್ಲವಲ್ಲ! ಕೇಳಿದರೆ, ‘ಯಾರೋ ಹೇಳಿದ್ರು’ ಎಂದು ಬಾಯಿಗೆ ಬೀಗ ಹಾಕಿಕೊಂಡರು. ಮುಚ್ಚಿ ಎಣಿಸಿದೆವು, ಇಪ್ಪತ್ತೈದರವರೆಗೆ, ಅವರು ಹೇಳಿದಂತೆಯೇ. ಚೀಸ್ ಕರಗಿ ಮಾಂಸದ ಪದರಪದರಕ್ಕೂ ಇಳಿದಿತ್ತು. ಮಗಳು ಕಣ್ಣು ಮುಚ್ಚಿಕೊಂಡು ತಿಂದಳು.

ಸಂಜೆ ಏಪ್ರನ್ ಕೂಡ ಬಿಚ್ಚದೆ ನಿಮ್ಮ ಹಳೆಯ ಡೈನರಿಗೆ ಹೋದೆ. ತಟ್ಟೆ ತಂದುಕೊಡುತ್ತಿದ್ದ ಆ ಉದ್ದ ಜಡೆಯವಳು ಇನ್ನೂ ಅಲ್ಲೇ ಇದ್ದಾಳೆ. ಹೀಗೊಬ್ಬರು ವಯಸ್ಸಾದವರು, ಬಿಳಿ ಕೂದಲು, ಎಡಗೆನ್ನೆಯ ಮೇಲೆ ಮಚ್ಚೆ ಎನ್ನುತ್ತಿದ್ದಂತೆಯೇ, ‘ನಮ್ಮ ಗುರುವಾರದಮ್ಮನಾ? ಚೆನ್ನಾಗಿದ್ದಾರಾ? ನಿಮ್ಮವರು ಕೆಲಸ ಬಿಟ್ಟ ಮೇಲೆ ಬರ್ಲೇ ಇಲ್ವಲ್ಲ?’ ಎಂದಳು. ಕೂತುಬಿಟ್ಟೆ ಕಣ್ರೀ. ನಿಮ್ಮ ಗುರುವಾರದ ಗಿರಾಕಿ! ವಾರವಾರ ಮನೆಗೆ ಬಂದು ನೀವು ಹಲ್ಲು ಕಡಿಯುತ್ತಿದ್ದಿರಲ್ಲ, ಗುರುವಾರ ಮಧ್ಯಾಹ್ನ ಒಂದು ಪೀಡೆ ಬರುತ್ತದೆ, ಬೀಫ್ ಚೀಸ್ ತರಿಸಿಕೊಂಡು ಬ್ರೆಡ್ ಸರಿಯಾಗಿ ಸುಟ್ಟಿಲ್ಲ ಎಂದು ವಾಪಸ್ ಕಳಿಸುತ್ತದೆ, ಅದರ ನಾಲಿಗೆಗೆ ಏನು ಬಂದಿದೆಯೋ ಎಂದು! ಆ ಪೀಡೆಗೆ ಶಾಪ ಹಾಕುವಾಗ ನಾನೂ ನಿಮ್ಮ ಜೊತೆ ಸೇರಿ ಎರಡು ಮಾತು ಹೆಚ್ಚಾಗಿಯೇ ಅಂದಿದ್ದೇನೆ, ದೇವರೇ! ನೀವು ಕೆಲಸಕ್ಕೆ ಸೇರಿದ ಎರಡನೆಯ ವಾರದಿಂದಲೇ ಬರುತ್ತಿದ್ದರಂತೆ. ನೀವು ಗಣಿಗೆ ಹೊರಡುವವರೆಗೆ ಒಂದು ಗುರುವಾರವೂ ತಪ್ಪಿಸಿಲ್ಲವಂತೆ. ಯಾರೆಂದು ನಿಮಗೆ ಹೇಳಕೂಡದು ಎಂದು ಆ ಹುಡುಗಿಯಿಂದ ಆಣೆ ಮಾಡಿಸಿಕೊಂಡಿದ್ದರಂತೆ. ‘ಮೊದಮೊದಲು ಆ ಕಂಬದ ಹಿಂದೆ ಕೂರ್ತಿದ್ರು. ಆಮೇಲಾಮೇಲೆ ಒಂದೊಂದೇ ಮೇಜು ಮುಂದೆ ಬಂದ್ರು. ಕೊನೇ ಚಳಿಗಾಲದಲ್ಲಂತೂ ಕಿಂಡಿ ಪಕ್ಕಕ್ಕೇ ಬಂದು ಕೂತಿದ್ರು, ಧೈರ್ಯ ಬಂತು ಅಂದ್ಕೊಂಡೆ’ ಎಂದಳು. ಅಡುಗೆಮನೆಯಿಂದ ತಟ್ಟೆ ದಾಟಿಸುವ ಆ ಕಿಂಡಿಯಿಂದ ನೀವು ತಲೆ ಹೊರಗೆ ಹಾಕಿದರೂ ದೂರದ ಮೇಜುಗಳನ್ನೇ ಹುಡುಕುತ್ತಿದ್ದಿರಂತೆ, ಮೂಗಿನ ಕೆಳಗಿನ ಮೇಜು ನೋಡುತ್ತಿರಲಿಲ್ಲವಂತೆ. ನಿಮ್ಮ ಬುದ್ಧಿಗೆ ತಕ್ಕ ಹಾಗೆಯೇ ಇದೆ.

ಮನೆಗೆ ನಡೆದು ಬರುವಷ್ಟರಲ್ಲಿ ಆಶ್ಚರ್ಯ ಹೋಗಿ ಸಿಟ್ಟು ಬಂದಿತ್ತು. ಹನ್ನೊಂದು ವರ್ಷ ಮಗನ ಕೈಯಡುಗೆ ಉಂಡು, ಉಂಡೆ ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಆಣೆ ಅವತ್ತೇ ತೀರುತ್ತಿತ್ತು. ನನ್ನ ಮಗಳು ಅಜ್ಜಿಯ ತೊಡೆಯ ಮೇಲೆ ಬೆಳೆಯುತ್ತಿದ್ದಳು. ನೀವು ಗಣಿಗೂ ಹೋಗುತ್ತಿರಲಿಲ್ಲವೇನೋ. ಇವತ್ತು ಬೆಳಗ್ಗೆ ಅವರ ತಲೆ ಬಾಚುತ್ತಾ ಕೇಳಿಯೇಬಿಟ್ಟೆ. ಮಣಿಕಟ್ಟು ಮುರಿದ ಮೇಲೆ ಜಡೆ ನಾನೇ ಹಾಕುವುದು, ಕೂದಲು ಕೈಯಲ್ಲಿದ್ದಾಗ ಎದ್ದುಹೋಗಲು ಆಗುವುದಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ‘ಹೇಳೋಕೆ ಹೋದಾಗೆಲ್ಲ ಬಾಯಿ ಬರ್ಲಿಲ್ಲ. ಆ ಮಾತು ಆಡಿದ ಬಾಯಿ ತಾನೇ’ ಎಂದರು. ಸರಿ, ಹಾಗಿದ್ದರೆ ಚೆನ್ನಾಗಿರುವುದನ್ನು ವಾರವಾರ ವಾಪಸ್ ಕಳಿಸಿ ಅವರ ಹೊಟ್ಟೆ ಯಾಕೆ ಉರಿಸಿದಿರಿ ಎಂದು ಕೇಳಿದೆ, ಜೋರಾಗಿಯೇ ಕೇಳಿದೆ. ಅತ್ತೆ, ‘ಚೆನ್ನಾಗಿದೆ ಅಂದ್ರೆ ಅವನು ಯಾಕೆ ಹೊರಗೆ ಬರ್ತಾನೆ? ವಾಪಸ್ ಕಳಿಸಿದ್ರೆ, ಯಾರ್ರೀ ಅದು ಅಂತ ಕಿಂಡಿಯಿಂದ ತಲೆ ಹಾಕಿ ನೋಡ್ತಿದ್ದ. ಅಷ್ಟು ಹೊತ್ತು ಅವನ ಮುಖ ಕಾಣ್ತಿತ್ತು’ ಎಂದರು.

ಅರ್ಧ ಹೆಣೆದಿದ್ದ ಜಡೆ ಬಿಚ್ಚಿ ಮತ್ತೆ ಮೊದಲಿಂದ ಬಾಚಿದೆ. ನಾನು ಅತ್ತೆಯ ಪಕ್ಷ ವಹಿಸುತ್ತಿಲ್ಲ. ಅವರು ಮಾಡಿದ್ದು ತಪ್ಪು, ಮೂರ್ಖತನ, ಹಠಮಾರಿತನ, ಇನ್ನೂ ಏನೇನು ಬೇಕೋ ನೀವೇ ಸೇರಿಸಿಕೊಳ್ಳಿ. ಆದರೆ ನಿಮ್ಮ ಆಣೆ ಮುಗಿದುಹೋಗಿದೆ. ಒಂದು ತುತ್ತು ಕೇಳಿದ್ದಿರಿ, ಹನ್ನೊಂದು ವರ್ಷದ ಗುರುವಾರಗಳನ್ನು ಕೊಟ್ಟಿದ್ದಾರೆ. ಇನ್ನು ಯಾವ ನೆಪ ಹೇಳಿ ಆ ಕಾಗದಕ್ಕೆ ಸಹಿ ಹಾಕುತ್ತೀರಿ? ನನಗೂ ನೀವು ಬೇಕು. ಅಪ್ಪ ಯಾವಾಗ ಬರುತ್ತಾರೆ ಎಂದು ಮಗಳು ಕೇಳಿದಾಗ ಮಾತು ಬದಲಿಸಿ ಬದಲಿಸಿ ನನಗೆ ಸಾಕಾಗಿದೆ. ಸಿಟ್ಟಿದ್ದರೆ ಇಟ್ಟುಕೊಂಡೇ ಬನ್ನಿ, ಇಲ್ಲಿ ಕೂತು ಜಗಳವಾಡಿ, ಮೂರು ದಿನ ಬೇಕಾದರೂ ಆಡಿ. ನಾನು ಪಕ್ಕದಲ್ಲಿರುತ್ತೇನೆ.

ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ. ಓಟದಲ್ಲಿ ಮೊದಲು ಬಂದವಳು ಒಂಬತ್ತನೇ ತರಗತಿಯವಳು, ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ತಪ್ಪದೆ ಬರೆಯಲು ಹೇಳಿದ್ದಾಳೆ. ಕ್ಯಾಂಪಿನಲ್ಲಿ ನಿಮ್ಮ ಜೊತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮೈ ಕೈ ಜೋಪಾನ.

ಇಂತಿ ನಿಮ್ಮ,
ಮನೆ ಕಾಯುತ್ತಾ ಕೂತಿರುವವಳು

ಮರೆಯುವ ಮುನ್ನ — ಅಲ್ಲ, ಮರೆಯುವಂಥದ್ದಲ್ಲ ಇದು. ಲಕೋಟೆ ಅಂಟಿಸುವ ಮೊದಲು ಅತ್ತೆ ಬಂದು, ‘ಏನು ಬರೆದಿದ್ದೀಯ, ನನಗೂ ತೋರಿಸು’ ಎಂದರು. ಅವರ ವಿಷಯವೇ ಇದೆ, ಓದಿಕೊಳ್ಳಲಿ ಎಂದು ಕೊಟ್ಟೆ. ಕಿಟಕಿಯ ಹತ್ತಿರ ಹಿಡಿದುಕೊಂಡು ಒಂದೊಂದೇ ಹಾಳೆ ತಿರುವಿದರು, ‘ಚೆನ್ನಾಗಿ ಬರೆದಿದ್ದೀಯ’ ಎಂದು ವಾಪಸ್ ಕೊಟ್ಟರು. ರೀ, ಹಾಳೆಗಳನ್ನೆಲ್ಲ ತಲೆಕೆಳಗಾಗಿ ಹಿಡಿದಿದ್ದರು. ಕೈ ಹಿಡಿದು ಕೂರಿಸಿ ಕೇಳಿದೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣು ಈ ಚಳಿಗಾಲ ದಾಟುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿ ಆರು ತಿಂಗಳಾಯಿತಂತೆ. ನಿಮಗೆ ಬರೆಯಬೇಡ, ಕನಿಕರಕ್ಕೆ ಬರುವುದು ಬೇಡ ಎಂದು ಕೈ ಹಿಡಿದು ಭಾಷೆ ತೆಗೆದುಕೊಂಡರು. ಭಾಷೆ ಕೊಟ್ಟ ಕೈಯಿಂದಲೇ ಬರೆಯುತ್ತಿದ್ದೇನೆ. ಈ ಶುಕ್ರವಾರದ ಗಾಡಿಗೆ ಹೊರಡಿ. ಮಧ್ಯಾಹ್ನದ ಹೊತ್ತು ತಲುಪುವ ಹಾಗೆ ನೋಡಿಕೊಳ್ಳಿ, ಆಗ ಮುಂದಿನ ಕೋಣೆಗೆ ಒಳ್ಳೆಯ ಬಿಸಿಲು ಬೀಳುತ್ತದೆ. ಕಿಟಕಿಯ ಕಡೆ ಮುಖ ಮಾಡಿ, ಅವರ ತೀರ ಹತ್ತಿರಕ್ಕೆ ಬಂದು ಕೂತುಕೊಳ್ಳಿ. ಬೇಗ ಏಳಬೇಡಿ.