ಎಡಗಡೆಗೆ ಕೊಟ್ಟ ಪಾಸ್

ಲೇ ಕುಳ್ಳಿ,

ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ. ಬೂಟು ಬಿಚ್ಚದೆ ಹೋಟೆಲ್ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೇನೆ. ನಮ್ಮ ದೇಶದ ಮಹಿಳಾ ತಂಡ ಇವತ್ತು ಮೊಟ್ಟಮೊದಲ ಸಲ ಖಂಡದ ಚಾಂಪಿಯನ್‌ಷಿಪ್‌ನಲ್ಲಿ ಆಡಿ, ಒಂದೇ ಗೋಲಿನಿಂದ ಸೋತಿತು. ಕೊನೆಯ ನಿಮಿಷದಲ್ಲಿ ಚೆಂಡು ಸಿಕ್ಕಾಗ ನಾನು ತಲೆಯೆತ್ತಿ ನೋಡದೆ ಎಡಗಡೆಗೆ ಒದ್ದೆ. ಹನ್ನೊಂದು ವರ್ಷ ನೀನು ಓಡಿಬರುತ್ತಿದ್ದ ಜಾಗ ಅದು. ಚೆಂಡು ಗೆರೆ ದಾಟಿ ಜಾಹೀರಾತಿನ ಹಲಗೆಗೆ ಬಡಿಯಿತು.

"ಯಾರಿಗಮ್ಮಾ ಕೊಟ್ಟೆ ಅದನ್ನ? ಅಲ್ಲಿ ಯಾರಿದ್ರು?" ಎಂದು ಕೋಚ್ ಕೂಗಿದರು. ನಾನು ನೆಲ ನೋಡಿದೆ.

ನಿನ್ನನ್ನು ಬಿಟ್ಟು ತಂಡ ಆರಿಸಿದ ದಿನವೂ ಅವರು ಮೊದಲು ನನ್ನನ್ನೇ ಕೇಳಿದ್ದರು. "ಅವಳ ಮಂಡಿ ಪೂರ್ತಿ ವಾಸಿಯಾಗಿದ್ಯಾ? ಜೊತೇಲಿ ಓಡೋಳು ನೀನು, ನಿಂಗೆ ಗೊತ್ತಿರುತ್ತೆ."

ಗೊತ್ತಿತ್ತು ಕಣೇ. ಅವತ್ತು ಬೆಳಿಗ್ಗೆಯಷ್ಟೇ ನೀನು ಓಟದಲ್ಲಿ ನನ್ನನ್ನು ಹಿಂದೆ ಹಾಕಿದ್ದೆ.

ಆಗಲೂ ನಾನು ನೆಲ ನೋಡಿದ್ದೆ.